ಅಜ್ಜಿ, ಇದು ಯಾವ ಊರು?

ನೀಲಗಿರಿಯ ಪುಟ್ಟ ರೈಲು ಊಟಿ ಮುಟ್ಟುವ ಮೊದಲು ಲವ್‌ಡೇಲ್‌ನಲ್ಲಿ ನಿಲ್ಲುತ್ತದೆ. ಕೆಳಗೆ ಕೇತ್ತಿ ಕಣಿವೆ, ಕ್ಯಾರೆಟ್ಟು ಆಲೂಗಡ್ಡೆಯ ಮೆಟ್ಟಿಲು ಹೊಲಗಳು, ನಡುನಡುವೆ ಬಡಗರ ಹಟ್ಟಿಗಳು. ಅಂಥದೊಂದು ಹಟ್ಟಿಯಲ್ಲಿ, ಇಬ್ಬನಿ ಹೆಪ್ಪುಗಟ್ಟಿದ ಡಿಸೆಂಬರ್ ಬೆಳಗ್ಗೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎದ್ದು ಕೂತರು ಎಂದುಕೊಳ್ಳಿ. ಸೊಸೆ ಕೊಟ್ಟ ಚಹಾ ಬಲಗಡೆಯ ತುಟಿಯಂಚಿನಿಂದ ಸೋರಿ ಕಂಬಳಿಯ ಮೇಲೆ ಬಿತ್ತು. ಮಾತು ತೊದಲಿತು. ಚಳಿಗೆ ಬಾಯಿ ಮರಗಟ್ಟಿರಬೇಕು ಎಂದುಕೊಂಡ ಸೊಸೆ, ಇನ್ನೆರಡು ಗುಟುಕು ಕುಡಿದರೆ ಸರಿಹೋಗುತ್ತದೆಂದು ಲೋಟವನ್ನು ಮತ್ತೆ ತುಟಿಗಿಟ್ಟಳು.

ಆ ಎರಡು ಗುಟುಕೇ ಅಪಾಯ. ಲಕ್ವ ಹೊಡೆದವರಲ್ಲಿ ಬಾಯಿಯ ಜೊತೆಗೆ ಗಂಟಲೂ ಸೋತಿರಬಹುದು. ಅನ್ನನಾಳಕ್ಕೆ ಇಳಿಯಬೇಕಾದ ಚಹಾ ಶ್ವಾಸಕೋಶಕ್ಕೆ ಇಳಿದು, ನಾಲ್ಕು ದಿನದ ಮೇಲೆ ನ್ಯುಮೋನಿಯಾ ಆಗಿ ಎದುರು ನಿಲ್ಲುತ್ತದೆ. ಆದ್ದರಿಂದ ನರರೋಗಿಯ ಹತ್ತಿರ ಬಂದ ನರ್ಸು ಮೊದಲು ಮಾಡುವ ಕೆಲಸ ಲೋಟ ಕಿತ್ತುಕೊಳ್ಳುವುದು. ನುಂಗುವುದನ್ನು ಪರೀಕ್ಷಿಸುವ ತನಕ ನೀರಿಲ್ಲ, ಬಿ.ಪಿ. ಮಾತ್ರೆಯೂ ಇಲ್ಲ.

ಎರಡನೆಯ ಕೆಲಸ ಗಡಿಯಾರ ನೋಡುವುದು. ‘ಯಾವಾಗ ಶುರುವಾಯಿತು?’ ಎಂದು ಕೇಳಿದರೆ ಮನೆಯವರು ‘ಬೆಳಗ್ಗೆ ಆರಕ್ಕೆ’ ಎನ್ನುತ್ತಾರೆ. ಅನುಭವವುಳ್ಳ ನರ್ಸು ಹಾಗೆ ಕೇಳುವುದಿಲ್ಲ, ‘ಕಡೆಯದಾಗಿ ಸರಿಯಾಗಿದ್ದದ್ದನ್ನು ನೋಡಿದ್ದು ಯಾವಾಗ?’ ಎನ್ನುತ್ತಾರೆ. ರಾತ್ರಿ ಒಂಬತ್ತಕ್ಕೆ ಮಲಗುವಾಗ ನೋಡಿದ್ದಾದರೆ ಲೆಕ್ಕ ಒಂಬತ್ತರಿಂದಲೇ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೂ ಮುಂಚೆ, ಮಿದುಳಿನೊಳಗೆ ರಕ್ತ ಸುರಿದಿಲ್ಲ ಎಂದು ಸಿ.ಟಿ. ಸ್ಕ್ಯಾನ್ ಹೇಳಬೇಕು. ಕೊಯಮತ್ತೂರಿಗೆ ಇಳಿಯಬೇಕಾಗಿ ಬಂದರೆ ಕೂನೂರು ಘಾಟಿಯ ತಿರುವುಗಳೇ ಆ ಗಡುವಿನಲ್ಲಿ ಒಳ್ಳೆಯ ಪಾಲು ತಿಂದುಬಿಡುತ್ತವೆ.

ಆಸ್ಪತ್ರೆ ಸೇರಿದ ಮೇಲೆ ಹಾಸಿಗೆಯ ಕಾಲಕಡೆ ಒಂದು ಚಾರ್ಟು ತೂಗುತ್ತದೆ. 1974ರಲ್ಲಿ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಪ್ರಕಟಿಸಿದ, ರೋಗಿಯ ಎಚ್ಚರವನ್ನು ಅಳೆಯುವ ಅಳತೆಗೋಲು ಅದರಲ್ಲಿದೆ. ಈಗ ಬಳಕೆಯಲ್ಲಿರುವ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಕನಿಷ್ಠ 3, ಸೊನ್ನೆ ಎಂಬುದೇ ಇಲ್ಲ, ವಾರ್ಡಿನ ಮೇಜಿಗೆ ಅಂಕ ಹಾಕಿದರೂ ಮೂರು ಸಿಗುತ್ತದೆ! 8 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗಿ ತನ್ನ ಉಸಿರುದಾರಿಯನ್ನು ತಾನೇ ಕಾಪಾಡಿಕೊಳ್ಳಲಾರ ಎಂದು ಎಣಿಸುತ್ತಾರೆ. ಒಂದು ಸಲದ ಅಂಕ ಹೇಳುವುದು ಅಷ್ಟಕ್ಕಷ್ಟೆ. ಹದಿನೈದಿದ್ದದ್ದು ಎರಡು ಗಂಟೆಯಲ್ಲಿ ಹದಿಮೂರಕ್ಕೆ ಇಳಿಯಿತೆಂದರೆ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸಬೇಕು.

ಎಬ್ಬಿಸಬೇಕಾದದ್ದು ರೋಗಿಯನ್ನೂ. ‘ಪಾಪ, ಈಗ ತಾನೇ ಕಣ್ಣು ಹತ್ತಿದೆ, ಮಲಗಲಿ ಬಿಡಿ ಸಿಸ್ಟರ್’ ಎಂದು ಮನೆಯವರು ಬೇಡಿಕೊಳ್ಳುತ್ತಾರೆ. ತಲೆಯೊಳಗೆ ಒತ್ತಡ ಏರುತ್ತಿರುವುದರ ಮೊದಲ ಗುರುತು ಈ ಮಂಪರೇ ಆಗಿರಬಹುದು. ಒಂದು ಕಣ್ಣಿನ ಪಾಪೆ ಹಿಗ್ಗಿ ಟಾರ್ಚಿನ ಬೆಳಕಿಗೆ ಕುಗ್ಗದಿರುವುದು, ರಕ್ತದೊತ್ತಡ ಏರಿ ನಾಡಿ ನಿಧಾನವಾಗುವುದು ಸಾಮಾನ್ಯವಾಗಿ ಆಮೇಲಿನ ಸಂಗತಿಗಳು.

ಚಾರ್ಟಿನಲ್ಲಿ ನನಗೆ ತುಂಬ ನಾಜೂಕು ಎನಿಸುವುದು ಮಾತಿನ ಸಾಲು. ಹೆಸರೇನು, ಇದು ಯಾವ ಊರು, ಯಾವ ತಿಂಗಳು? ಮೂರಕ್ಕೂ ಸರಿಯುತ್ತರ ಬಂದರೆ 5, ತಬ್ಬಿಬ್ಬಾದರೆ 4. ನಮ್ಮ ಅಜ್ಜಿಯ ಮನೆಮಾತು ಬಡಗ. ಪ್ರಶ್ನೆ ಅವಸರದ ತಮಿಳಿನಲ್ಲೋ ಆಸ್ಪತ್ರೆಯ ಇಂಗ್ಲಿಷಿನಲ್ಲೋ ಬಂದರೆ ಅಜ್ಜಿ ಪಿಳಿಪಿಳಿ ನೋಡುತ್ತಾರೆ, ಚಾರ್ಟಿನಲ್ಲಿ ಒಂದಂಕ ಬಿದ್ದುಹೋಗುತ್ತದೆ. ಬಿದ್ದದ್ದು ಮಿದುಳಿನದೋ ಭಾಷೆಯದೋ ಎಂಬುದು ಆ ಕಾಗದದಿಂದ ತಿಳಿಯುವುದಿಲ್ಲ. ಬಡಗರಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ, ಅವರ ಕುಲದೇವತೆಯೂ ಹೆತ್ತೆಯೇ. ಜನವರಿ ಎಂಬ ಹೆಸರು ಬಾಯಿಗೆ ಬಾರದವರಿಗೂ ಹೆತ್ತೆ ಹಬ್ಬ ಮುಗಿಯಿತೋ ಇನ್ನೂ ಬರಬೇಕೋ ಎಂಬುದು ಗೊತ್ತಿರುತ್ತದೆ. ಕಾಲದ ಅರಿವನ್ನು ಅಳೆಯಲು ಅದೇ ಒಳ್ಳೆಯ ಪ್ರಶ್ನೆ.

ಇನ್ನೊಂದು ಸೂಕ್ಷ್ಮವಿದೆ. ‘ನಾಲಿಗೆ ಚಾಚಿ’ ಎನ್ನುತ್ತಾ ನಾವೇ ನಾಲಿಗೆ ಚಾಚಿ ತೋರಿಸಿದರೆ ರೋಗಿ ಮಾತು ಅರ್ಥವಾಗದೆಯೂ ನಮ್ಮನ್ನು ನೋಡಿ ಚಾಚಿಯಾರು. ಎಡ ಮಿದುಳಿಗೆ ಪೆಟ್ಟು ಬಿದ್ದು ಮಾತು ಗ್ರಹಿಸುವ ಶಕ್ತಿಯೇ ಹೋಗಿದ್ದರೆ ಅದು ಹೀಗೆ ಮುಚ್ಚಿಹೋಗುತ್ತದೆ. ‘ನನ್ನ ಕೈ ಹಿಡಿಯಿರಿ’ ಎಂದಾಗ ಹಿಡಿದರೆ ಸಾಲದು. ಕೂಸು ಬೆರಳು ಹಿಡಿದಂತೆ ತಾನಾಗಿ ಹಿಡಿದದ್ದಿರಬಹುದು. ‘ಈಗ ಬಿಡಿ’ ಎಂದಾಗ ಬಿಟ್ಟರೆ ಮಾತು ತಲುಪಿದೆ ಎಂದರ್ಥ.

ಇದೇ ಜಿಲ್ಲೆಯ ಗೂಡಲೂರಿನಲ್ಲಿ ಈ ಭಾಷೆಯ ತೊಡಕಿಗೆ ಬುಡದಲ್ಲೇ ಪರಿಹಾರ ಹುಡುಕಿದವರಿದ್ದಾರೆ. 1990ರಲ್ಲಿ ಆರಂಭವಾದ ಅಶ್ವಿನಿ ಸಂಸ್ಥೆ ತಾನು ನಡೆಸುವ ಗೂಡಲೂರು ಆದಿವಾಸಿ ಆಸ್ಪತ್ರೆಯಲ್ಲಿ ಪಣಿಯ, ಬೆಟ್ಟಕುರುಂಬ, ಕಾಟ್ಟುನಾಯಕ ಮೊದಲಾದ ಸಮುದಾಯಗಳ ಹುಡುಗಿಯರನ್ನೇ ನರ್ಸಿಂಗ್ ಕೆಲಸಕ್ಕೆ ತರಬೇತುಗೊಳಿಸಿತು. ಬೆಟ್ಟಕುರುಂಬ, ಕಾಟ್ಟುನಾಯಕ ನುಡಿಗಳೆರಡೂ ಕನ್ನಡದ ನೆಂಟರು. ಅಲ್ಲಿ ನರರೋಗ ಬರಲು ಇನ್ನೊಂದು ದಾರಿಯೂ ಉಂಟು. ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಅಂಶವಿರುವುದನ್ನು ಲೆಹ್‌ಮನ್ ಮತ್ತು ಕಟ್‌ಬುಷ್ 1952ರಲ್ಲೇ ವರದಿ ಮಾಡಿದ್ದರು. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಮಕ್ಕಳಿಗೂ ಲಕ್ವ ಹೊಡೆಯುತ್ತದೆ. ‘ಮಗು ಎಡಗೈಯಲ್ಲಿ ಏನನ್ನೂ ಹಿಡಿಯುತ್ತಿಲ್ಲ’ ಎಂದು ತಾಯಿ ತನ್ನ ನುಡಿಯಲ್ಲಿ ಹೇಳಿದ್ದು ನೇರವಾಗಿ ನರ್ಸಿನ ಕಿವಿಗೆ ಬಿದ್ದರೆ ನಡುವೆ ದುಭಾಷಿ ಬೇಕಿಲ್ಲ.

ಮನೆಗೆ ಮರಳಿದ ಮೇಲಿನ ಆರೈಕೆ ತಿಂಗಳುಗಟ್ಟಲೆಯದು. ತಮಿಳುನಾಡು ಸರ್ಕಾರ 2021ರಲ್ಲಿ ತಂದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಫಿಸಿಯೋಥೆರಪಿ, ಹಾಸಿಗೆ ಹಿಡಿದವರ ಶುಶ್ರೂಷೆ ಎರಡೂ ಮನೆಬಾಗಿಲಿಗೆ ಬರುತ್ತವೆ. ಉಳಿದ ಹೊತ್ತು ಸೊಸೆಯೇ ನರ್ಸು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಮತ್ತು ಬೆನ್ನಿನ ಕೆಳಗೆ ಚರ್ಮ ಕೆಂಪೇರಿದೆಯೇ ನೋಡುವುದು ಸಾಮಾನ್ಯವಾಗಿ ಎಲ್ಲರೂ ಕಲಿಯುತ್ತಾರೆ. ಎಬ್ಬಿಸುವಾಗ ಸೋತ ಕೈಯನ್ನೇ ಹಿಡಿದು ಎಳೆಯಬಾರದೆಂಬುದು ಮಾತ್ರ ಮರೆತುಹೋಗುತ್ತದೆ. ಸ್ನಾಯುವಿನ ಆಸರೆ ತಪ್ಪಿದ ಭುಜ ಕೀಲಿನಿಂದ ಜಾರುತ್ತದೆ. ನೀಲಗಿರಿಯ ಚಳಿಯಲ್ಲಿ ಬಿಸಿನೀರಿನ ಚೀಲ ಇನ್ನೂ ಕೆಟ್ಟದ್ದು. ಕಾಲು ತಣ್ಣಗಿದೆಯೆಂದು ಪ್ರೀತಿಯಿಂದ ಕಂಬಳಿಯೊಳಗೆ ಇಡುತ್ತಾರೆ. ಸ್ಪರ್ಶಜ್ಞಾನವಿಲ್ಲದ ಕಾಲು ಸುಟ್ಟರೂ ಅಜ್ಜಿ ಉಸಿರೆತ್ತುವುದಿಲ್ಲ, ಬೆಳಗ್ಗೆ ಬೊಬ್ಬೆ ಕಂಡಾಗಲೇ ಗೊತ್ತು. ಉಣ್ಣೆ ಕಾಲುಚೀಲ ಸಾಕು.

ಇನ್ನು ಚಹಾ. ನುಂಗಲು ಕಷ್ಟ ಎಂದರೆ ನೀರಿನಂತೆ ತೆಳ್ಳಗಿರುವುದು ಸುಲಭವಾಗಿ ಇಳಿಯುತ್ತದೆಂದು ಮನೆಯವರು ಲೆಕ್ಕ ಹಾಕುತ್ತಾರೆ. ಆದರೆ ತೆಳು ದ್ರವ ಗಂಟಲು ಸಿದ್ಧವಾಗುವ ಮುಂಚೆಯೇ ಜಾರಿಬಿಡುತ್ತದೆ. ಹಲವರಿಗೆ ಗಟ್ಟಿಯಾದ ರಾಗಿ ಗಂಜಿಯೇ ವಾಸಿ. ನೆಟ್ಟಗೆ ಕೂರಿಸಿ, ಗಲ್ಲ ತುಸು ತಗ್ಗಿಸಿ, ಅರ್ಧ ಚಮಚ. ಗಂಟಲ ಗಂಟು ಮೇಲೆದ್ದು ಇಳಿಯಿತೇ ನೋಡಿ, ‘ಹೆತ್ತೆ’ ಎಂದು ಕೂಗಿ ಮಾತಾಡಿಸಿ. ದನಿ ಗೊಳಗೊಳ ಎನ್ನದೆ ತಿಳಿಯಾಗಿ ಬಂದರೆ ಮುಂದಿನ ಚಮಚ.