ನಾಜಲ್ ಮುಂದಿನ ಎರಡು ಬೆರಳಗಲ

"ಅಲ್ಲೇನ್ ನೋಡ್ತೀರಿ ಸ್ವಾಮಿ, ಬರೀ ನೀರು" ಎಂದರು ಹೊಲದ ಯಜಮಾನರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯ ಶೇಂಗಾ ಹೊಲ, ಇಳಿಹೊತ್ತಿನ ಬಿಸಿಲು. ಔಷಧಿ ಕಲಸುವ ಮುಂಚೆ ಬೆನ್ನಿನ ಪಂಪಿನಲ್ಲಿ ನೀರು ಹಾಯಿಸಿ ತೊಳೆಯುತ್ತಿದ್ದರು. ನಾನು ಬಿಸಿಲಿಗೆ ಎದುರಾಗಿ ಕೂತು ನಾಜಲ್ ಪಕ್ಕ ಮೊಬೈಲ್ ಹಿಡಿದು, ಸ್ಲೋ ಮೋಷನ್‌ನಲ್ಲಿ ತೆಗೆದೆ. ಮಂಜಿನಂತೆ ಹರಡುವ ಹನಿಗಳನ್ನು ಯಾರು ನೋಡಿಲ್ಲ? ಆದರೆ ನಾಜಲ್‌ಗೆ ತಾಗಿಕೊಂಡಂತಿರುವ ಎರಡು ಬೆರಳಗಲದಲ್ಲಿ ಹನಿಯೇ ಇಲ್ಲ! ಅಲ್ಲಿರುವುದು ಲಂಗದಂತೆ ಅರಳಿದ, ಒಳಗೆ ಟೊಳ್ಳಾದ, ಆಚೆಬದಿ ಕಾಣುವಷ್ಟು ತೆಳ್ಳಗಿನ ನೀರಿನ ಹಾಳೆ!

ನಾಜಲ್ ಬಿಚ್ಚಿದರೆ ಒಳಗೆ ಓರೆ ತೋಡು ಕೊರೆದ ಸಣ್ಣ ಬಿಲ್ಲೆ. ಅದನ್ನು ದಾಟುವ ನೀರು ಗಿರಗಿರನೆ ಸುತ್ತುತ್ತದೆ, ಸುತ್ತುತ್ತಲೇ ಗೋಡೆಗೆ ಒತ್ತಿಕೊಳ್ಳುತ್ತದೆ. ನಡುವೆ ಹೊರಗಿನ ಗಾಳಿಯೇ ಕಂಬದಂತೆ ಒಳಹೊಕ್ಕು ನಿಲ್ಲುತ್ತದೆ. ತೂತು ಪೂರ್ತಿ ತುಂಬಿ ನೀರು ಬರುವುದೇ ಇಲ್ಲ, ಅಂಚು ಸವರಿಕೊಂಡು ಬರುತ್ತದೆ! ಹೊರಬಿದ್ದ ಹಾಳೆ ಅಗಲವಾದಷ್ಟೂ ತೆಳುವಾಗಿ, ಗಾಳಿಯ ಉಜ್ಜಾಟಕ್ಕೆ ಬಾವುಟದಂತೆ ಪಟಪಟಿಸಿ, ತೂತು ಬಿದ್ದು, ಹರಿದು ಎಳೆಎಳೆಯಾಗುತ್ತದೆ. ಆ ಎಳೆಗಳು ತುಂಡಾದಾಗಷ್ಟೇ ಹನಿ. ಎಷ್ಟೋ ಜೆಟ್ ಎಂಜಿನ್‌ಗಳಲ್ಲಿ ಇಂಧನ ಚಿಮ್ಮುವ ಉಪಾಯವೂ ಇದೇ. ಈ ಸೀಮೆಯ ಡಿಆರ್‌ಡಿಒ ಪರೀಕ್ಷಾ ನೆಲೆಯಲ್ಲಿ 2022ರ ಜುಲೈ 1ರಂದು ಪೈಲಟ್ ಇಲ್ಲದೆ ಏರಿ ತಾನಾಗಿಯೇ ಇಳಿದ ರೆಕ್ಕೆಯಾಕಾರದ ವಿಮಾನದಲ್ಲಿದ್ದದ್ದು ಪುಟ್ಟ ಟರ್ಬೋಫ್ಯಾನ್ ಜೆಟ್ ಎಂಜಿನ್. ಅದರೊಳಗೂ ಇಂಧನ ಹನಿಯಾಗದೆ ಹಾರಾಟವಿಲ್ಲ.

ಏಕೆಂದರೆ ಉರಿಯುವುದು ದ್ರವವಲ್ಲ, ಅದರ ಆವಿ. ಒಂದು ಮಿಲಿಮೀಟರ್ ಹನಿಯನ್ನು ಹತ್ತು ಮೈಕ್ರಾನ್‌ನ ಹನಿಗಳಾಗಿ ಒಡೆಯಿರಿ: ಹತ್ತು ಲಕ್ಷ ಹನಿ! ಆವಿಯೇಳುವ ಮೈ ನೂರು ಪಟ್ಟು!

ಎಳೆ ಯಾಕೆ ತುಂಡಾಗುತ್ತದೆ? ಇದನ್ನು ಹಿಡಿದವರು ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲಾಟೋ, ಕಣ್ಣು ಕಳೆದುಕೊಂಡಿದ್ದವರು! ಮನೆಯವರೂ ಸಹಾಯಕರೂ ನೋಡಿ ಹೇಳಿದ್ದನ್ನು ಮನಸ್ಸಿನಲ್ಲೇ ಜೋಡಿಸಿ 1873ರಲ್ಲಿ ಗ್ರಂಥ ತಂದರು. ದ್ರವದ ಎಳೆಯ ಮೇಲೆ ಅದರ ಸುತ್ತಳತೆಗಿಂತ ಉದ್ದದ ಅಲೆ ಎದ್ದರೆ ಸಾಕು, ಅಲೆ ಬೆಳೆದು ಎಳೆಯನ್ನು ಮಣಿಸರ ಮಾಡಿಬಿಡುತ್ತದೆ. ಐದಾರು ವರ್ಷದಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಅದಕ್ಕೆ ಲೆಕ್ಕ ಕಟ್ಟಿದರು.

ಹಾಗಾದರೆ ಮೊಳಕಾಲ್ಮೂರಿನ ಮಗ್ಗದ ಮೇಲಿರುವ ರೇಷ್ಮೆ? ಅದೂ ಒಂದು ಕಾಲಕ್ಕೆ ದ್ರವವೇ, ಹುಳುವಿನ ಬಾಯಿಯ ಬಳಿಯ ಸೂಕ್ಷ್ಮ ನಾಜಲ್‌ನಿಂದ ಹೊರಬಂದದ್ದೇ! ಆದರೆ ಹುಳು ಅದನ್ನು ದೂಡುವುದಿಲ್ಲ, ತಲೆಯಾಡಿಸುತ್ತ ಎಳೆಯುತ್ತದೆ. ಎಳೆದಂತೆಲ್ಲ ಅಂಟು ದ್ರವದೊಳಗಿನ ಅಣುಗಳು ಸಾಲುಗಟ್ಟಿ ಗಟ್ಟಿಯಾಗುತ್ತವೆ. ಮಣಿಯಾಗಿ ಒಡೆಯಲು ಪುರುಸೊತ್ತೇ ಸಿಗದೆ ನೂಲಾಗಿ ಉಳಿಯುತ್ತದೆ. ಒಂದೇ ಸೀಮೆಯಲ್ಲಿ ಎರಡು ನಾಜಲ್: ಒಂದರ ಎಳೆ ಹನಿಯಾಗುತ್ತದೆ, ಇನ್ನೊಂದರದು ಸೀರೆ!

ಈ ಎರಡರ ನಡುವೆ ಸಿಕ್ಕಿಕೊಂಡಿರುವುದು ಎಣ್ಣೆ, ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯ ಎಣ್ಣೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯಿಂದ! ರುಡಾಲ್ಫ್ ಡೀಸೆಲ್ಲರೇ 1912ರಲ್ಲಿ ಅದನ್ನು ನೆನೆದಿದ್ದಾರೆ. ಆಗ ಎಣ್ಣೆಯನ್ನು ಒಳಗೆ ಊದುತ್ತಿದ್ದದ್ದು ಒತ್ತಿ ತುಂಬಿದ ಗಾಳಿ. ಈಗಿನ ಇಂಜೆಕ್ಟರ್‌ಗಳಲ್ಲಿ ಕೂದಲೆಳೆಯಷ್ಟೋ ಅದರ ಎರಡರಷ್ಟೋ ಅಗಲದ ತೂತು, ಸಾವಿರಕ್ಕೂ ಮೀರಿದ ಬಾರ್ ಒತ್ತಡ. ಅಷ್ಟಿದ್ದರೂ ಡೀಸೆಲ್‌ಗಿಂತ ಹತ್ತರಷ್ಟು ಮಂದವಾದ ಗಿಡದೆಣ್ಣೆ ಸುಲಭಕ್ಕೆ ಒಡೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ವಿ. ರವಿಕೃಷ್ಣ ಮತ್ತು ಸಂಗಡಿಗರು ಹೊಂಗೆ, ಜತ್ರೋಫಾ ಎಣ್ಣೆಗಳನ್ನು 1600 ಬಾರ್ ಒತ್ತಡದಲ್ಲಿ ಬಯಲು ಗಾಳಿಗೆ ಚಿಮ್ಮಿಸಿದಾಗ, ನಡುವೆ ಒಡೆಯದ ದ್ರವದ ತಿರುಳು ಹಾಗೇ ಉಳಿದಿತ್ತು! ನಮ್ಮ ಬದುವಿನ ಹೊಂಗೆಗೆ ಅಷ್ಟು ಹಟ.

ಆ ತಿರುಳನ್ನು ಕಾಣುವುದೇ ದೊಡ್ಡ ಪಾಡು. ನಾಜಲ್ ಬುಡದಲ್ಲಿ ಹನಿಗಳ ದಟ್ಟಣೆಗೆ ಬೆಳಕು ಚದುರಿ ಕುರುಡಾಗುತ್ತದೆ. 2002ರಲ್ಲಿ ಅಮೆರಿಕದ ಆರ್ಗೋನ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿಗೆ ಎಕ್ಸ್-ರೇ ಹಾಯಿಸಿದರು. ಶಬ್ದ ನಿಧಾನಕ್ಕೆ ಸಾಗುವ ಭಾರದ ಅನಿಲದಲ್ಲಿ ಇಂಧನ ಶಬ್ದವನ್ನೇ ಹಿಂದೆ ಹಾಕಿ ನುಗ್ಗುತ್ತಿತ್ತು. ಅದರ ಮುಂದೆ, ಸೂಪರ್‌ಸಾನಿಕ್ ವಿಮಾನದ ಮುಂದೆ ಇರುವಂಥದೇ ಆಘಾತದ ಅಲೆ! ಯಾರೂ ಕಾಣದಿದ್ದ ಸಿಡಿಲು, ಇಂಜೆಕ್ಟರ್ ತುದಿಯಲ್ಲಿ.

ಇದನ್ನೆಲ್ಲ ನಾನು ಒಂದೇ ಉಸಿರಿಗೆ ಹೇಳುತ್ತಿದ್ದರೆ ಯಜಮಾನರು ಮೊಬೈಲ್ ಇಸಿದುಕೊಂಡು ನೋಡಿದರು. ಪಂಪಿನ ಒತ್ತಡ ಇಳಿಯುವ ಕೊನೆಯ ತುಣುಕು ಓಡುತ್ತಿತ್ತು. ಅರಳಿದ ಲಂಗ ಮುದುರಿತು, ಅಂಚುಗಳು ಕೆಳಗೆ ಕೂಡಿಕೊಂಡವು, ಉಬ್ಬಿದ ಗುಳ್ಳೆಯೊಂದು ನಾಜಲ್‌ಗೆ ಜೋತುಬಿತ್ತು.

"ಈರುಳ್ಳಿ!" ಎಂದರು.

ಸ್ಪ್ರೇ ಓದುವ ಎಂಜಿನಿಯರುಗಳೂ ಆ ಹಂತವನ್ನು ಕರೆಯುವುದು ಈರುಳ್ಳಿ ಎಂದೇ! ಪಕ್ಕದ ಹೊಲದಲ್ಲಿ ಅದೇ ಬೆಳೆ ನಿಂತಿತ್ತು. ಯಜಮಾನರು ಮತ್ತೆ ಪಂಪು ಹೊಡೆದು, ನಿಲ್ಲಿಸಿ, ಈ ಸಲ ಬರಿಗಣ್ಣಿನಲ್ಲೇ ಬಗ್ಗಿ ನೋಡತೊಡಗಿದರು.