ಡೈನಮೊ ಒಳಗಿನ ಲೆಕ್ಕ

ಟಯರಿಗೆ ತಲೆಯೊತ್ತಿ ಗುಂಯ್‌ಗುಡುವ ಡೈನಮೊ ಕಂಡವರಿಗೆ ಅದರ ಸ್ವಭಾವ ಗೊತ್ತು: ಏರಿನಲ್ಲಿ ದೀಪ ಕೆಂಪಗೆ ಮಿಣುಕುತ್ತದೆ, ಇಳಿಜಾರಿನಲ್ಲಿ ಬೆಳ್ಳಗೆ ಉರಿಯುತ್ತದೆ. ಆದರೂ ಎಷ್ಟು ಜೋರಾಗಿ ಇಳಿದರೂ ಬಲ್ಬು ಸುಲಭಕ್ಕೆ ಸುಟ್ಟುಹೋಗುವುದಿಲ್ಲ. ಈ ಸಂಯಮ ಎಲ್ಲಿಂದ ಬಂತೆಂದು ಅಳೆದು, ಸಮೀಕರಣದಲ್ಲಿ ಹಿಡಿಯುವುದು ಬಲು ತಾಳ್ಮೆಯ ಕೆಲಸ.

ಅಳತೆಗೆ ಹಬ್ ಡೈನಮೊ, ಅಂದರೆ ಚಕ್ರದ ನಡುವಿನ ಗುಂಬದಲ್ಲೇ ಅಡಗಿರುವ ಬಗೆ, ಅನುಕೂಲ, ಅದು ಜಾರುವುದಿಲ್ಲ. ಒಳಗೆ ತಾಮ್ರದ ಸುರುಳಿ ನಿಂತಲ್ಲೇ ಇರುತ್ತದೆ, ಆಯಸ್ಕಾಂತದ ಬಳೆ ಚಕ್ರದೊಂದಿಗೆ ಸುತ್ತುತ್ತದೆ. ಬರಿಗೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಬೆರಳಿಗೆ ಟಕ್ ಟಕ್ ಎಂದು ತಡೆ ಸಿಗುತ್ತದೆ. ಟಯರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತಿಗೆ ಎಣಿಸಿದಾಗ 26 ತಡೆ ಬಂದರೆ ಧ್ರುವಗಳೂ 26. ಎರಡು ಧ್ರುವಕ್ಕೆ ಕರೆಂಟಿನ ಒಂದು ಅಲೆಯಂತೆ, ಸುತ್ತಿಗೆ 13 ಅಲೆ. ಸುತ್ತಳತೆ 2.1 ಮೀಟರ್ ಇರುವ ಚಕ್ರ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 26 ಅಲೆ ಎಬ್ಬಿಸುತ್ತದೆ.

ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ ತೆಗೆಯಬೇಕಾದ ಅಳತೆ ಮೂರು. ಸುರುಳಿಯ ರೋಧ, ಲೆಕ್ಕಕ್ಕೆ 3 ಓಮ್ ಎಂದಿಟ್ಟುಕೊಳ್ಳೋಣ. ದೀಪ ಬಿಚ್ಚಿಟ್ಟು ಅಳೆದ ವೋಲ್ಟೇಜ್, ಅದೇ 15 ಕಿ.ಮೀ. ವೇಗದಲ್ಲಿ 11.1 ವೋಲ್ಟ್. ಇದು ವೇಗಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ. ಕೊನೆಯದು ಎರಡು ತಂತಿಯನ್ನೂ ಮೀಟರಿನ ಮೂಲಕ ನೇರ ಕೂಡಿಸಿದಾಗ ಹರಿಯುವ ಕರೆಂಟು, 0.67 ಆಂಪಿಯರ್. ವೇಗ ದುಪ್ಪಟ್ಟು ಮಾಡಿದರೆ? 0.68! ವೋಲ್ಟೇಜ್ ಇಮ್ಮಡಿಯಾದರೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಸುರುಳಿಗೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಪ್ರೇರಕತ್ವ, ಇದೆ. ಅಲೆಗಳು ದಟ್ಟವಾದಷ್ಟೂ ಅದರ ಅಡ್ಡಿ ಬಲಿಯುತ್ತದೆ. ನಮ್ಮ ಅಂಕಿಗಳಲ್ಲಿ ಆ ಅಡ್ಡಿ 16.3 ಓಮ್, ದುಪ್ಪಟ್ಟು ವೇಗಕ್ಕೆ 32.6.

ಇನ್ನು ದೀಪ ಕೂಡಿಸಬಹುದು. 6 ವೋಲ್ಟ್, 3 ವಾಟ್ ಎಂಬ ರೂಢಿಯ ಅಳತೆಗೆ ಉರಿಯುವಾಗಿನ ರೋಧ 12 ಓಮ್. ಇಲ್ಲಿ ಎಡವುವವರು ಬಹಳ: ತಣ್ಣಗಿರುವ ಬಲ್ಬಿನ ತಂತು ಇದಕ್ಕಿಂತ ತೀರ ಕಡಿಮೆ ತೋರಿಸುತ್ತದೆ. ಅದಕ್ಕೇ ಬಲ್ಬಿನ ಬದಲು 12 ಓಮಿನ ರೆಸಿಸ್ಟರ್ ಕಟ್ಟುವುದು ಒಳ್ಳೆಯದು. ರೋಧವೂ ಅಡ್ಡಿಯೂ ನೇರವಾಗಿ ಕೂಡುವುದಿಲ್ಲ. ಲಂಬಕೋನ ತ್ರಿಕೋನದ ಎರಡು ಭುಜಗಳಂತೆ ಕೂಡುತ್ತವೆ. ಸುರುಳಿಯ 3, ದೀಪದ 12 ಸೇರಿದ 15 ಮತ್ತು ಅಡ್ಡಿಯ 16.3 ಭುಜವಾದರೆ ಕರ್ಣ 22.2, 11.1ನ್ನು ಅದರಿಂದ ಭಾಗಿಸಿದರೆ ಸರಿಯಾಗಿ 0.5 ಆಂಪಿಯರ್. 30 ಕಿ.ಮೀ. ವೇಗದಲ್ಲಿ 0.62. ವೇಗದೊಂದಿಗೆ ಹೆಚ್ಚದೆ ಅಡ್ಡಿ ಅಷ್ಟೇ ಉಳಿದಿದ್ದರೆ 1 ಆಂಪಿಯರ್ ನುಗ್ಗಿ, 3 ವಾಟಿನ ಬಲ್ಬಿಗೆ 12 ವಾಟ್ ಬೀಳುತ್ತಿತ್ತು.

ಹೀಗೆ ಲೆಕ್ಕ ಹಾಕಿದ ಕರೆಂಟನ್ನು ವೇಗದ ಎದುರು ಕಾಗದದಲ್ಲಿ ಗೆರೆಯಾಗಿ ಎಳೆದು, ಅದರ ಪಕ್ಕದಲ್ಲಿ ಅಳೆದ ಚುಕ್ಕಿಗಳನ್ನು ಇಟ್ಟು ನೋಡುವುದು ಮುಂದಿನ ಕೆಲಸ. ನಿಧಾನದಲ್ಲಿ ಎರಡೂ ಒಂದರ ಮೇಲೊಂದು ಕೂರುತ್ತವೆ. ವೇಗ ಏರಿದಂತೆ ಚುಕ್ಕಿಗಳು ಕೊಂಚ ಕೆಳಗಿಳಿಯುತ್ತವೆ, ಏಕೆಂದರೆ ಸುರುಳಿಯನ್ನು ಹಿಡಿದ ಕಬ್ಬಿಣದಲ್ಲೇ ಸುಳಿಯಂಥ ಕರೆಂಟುಗಳು ಎದ್ದು ಒಂದಿಷ್ಟು ಶಕ್ತಿಯನ್ನು ಶಾಖವಾಗಿ ತಿನ್ನುತ್ತವೆ. ಆಗ ಸಮೀಕರಣಕ್ಕೆ ಕಬ್ಬಿಣದ ಪಾಲಿನದೊಂದು ಪದ ಸೇರಿಸಿ, ಚಕ್ರವನ್ನು ಮತ್ತೆ ಸ್ಟ್ಯಾಂಡಿಗೆ ಏರಿಸುತ್ತಾರೆ.