ವಕೀಲರಲ್ಲದವರಿಗೂ ಕಾನೂನು ಪರವಾನಗಿ: ವಾಷಿಂಗ್ಟನ್ ಪ್ರಯೋಗ ನಿಂತದ್ದೇಕೆ?

ವಿಚ್ಛೇದನದ ಅರ್ಜಿ ಸಿದ್ಧಪಡಿಸಬೇಕು, ಮಕ್ಕಳು ಯಾರ ಬಳಿ ಇರಬೇಕೆಂಬುದು ಇತ್ಯರ್ಥವಾಗಬೇಕು. ವಕೀಲರ ಶುಲ್ಕ ಭರಿಸುವ ಶಕ್ತಿಯಿಲ್ಲ. ಹಾಗೆಂದು ಉಚಿತ ಕಾನೂನು ನೆರವಿಗೆ ಅರ್ಹರಾಗುವಷ್ಟು ಬಡತನವೂ ಇಲ್ಲ. ಅಮೆರಿಕದ ಕೌಟುಂಬಿಕ ನ್ಯಾಯಾಲಯಗಳಿಗೆ ಇಂತಹ ಕಕ್ಷಿದಾರರು ಹೊಸಬರಲ್ಲ. ಗಂಭೀರ ಕ್ರಿಮಿನಲ್ ಪ್ರಕರಣದ ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರ ಗಿಡಿಯನ್ ಪ್ರಕರಣದಲ್ಲಿ ತೀರ್ಪು ನೀಡಿತು. ಸಿವಿಲ್ ವ್ಯಾಜ್ಯಗಳಿಗೆ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ. ಅಲ್ಲಿ ಕಕ್ಷಿದಾರರೇ ನಮೂನೆಗಳನ್ನು ತುಂಬಿ, ತಾವೇ ವಾದಿಸಬೇಕಾಗುತ್ತದೆ.

ಈ ಕೊರತೆಯನ್ನು ನೀಗಿಸಲು ಸಿಯಾಟಲ್ ನಗರವಿರುವ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 2012ರಲ್ಲಿ ಹೊಸ ನಿಯಮವೊಂದನ್ನು ಜಾರಿಗೆ ತಂದಿತು. ವಕೀಲರಲ್ಲದವರಿಗೂ ತರಬೇತಿ ಮತ್ತು ಪರೀಕ್ಷೆಯ ಬಳಿಕ ಸೀಮಿತ ಕಾನೂನು ಸೇವೆ ನೀಡಲು ಪರವಾನಗಿ ಕೊಡುವುದು ಇದರ ತಿರುಳು. ಇವರಿಗೆ ಇಟ್ಟ ಹೆಸರು 'ಲಿಮಿಟೆಡ್ ಲೈಸೆನ್ಸ್ ಲೀಗಲ್ ಟೆಕ್ನಿಷಿಯನ್'. ಅಮೆರಿಕದಲ್ಲಿ ಇದು ಮೊದಲ ಪ್ರಯೋಗ. ವಕೀಲ ಸಮುದಾಯದೊಳಗಿನ ಆಕ್ಷೇಪಗಳ ನಡುವೆಯೇ ನ್ಯಾಯಾಲಯ ಈ ಹೆಜ್ಜೆ ಇಟ್ಟಿತ್ತು. 2015ರಲ್ಲಿ ಮೊದಲ ತಂಡಕ್ಕೆ ಪರವಾನಗಿ ದೊರೆಯಿತು.

ವಕೀಲರ ಕಚೇರಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ ದುಡಿಯುವ ಪ್ಯಾರಾಲೀಗಲ್‌ಗಳಿಗಿಂತ ಇವರು ಭಿನ್ನ. ಸ್ವಂತ ಕಚೇರಿ ತೆರೆದು, ತಾವೇ ಶುಲ್ಕ ನಿಗದಿಪಡಿಸಿ, ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆಯಂತಹ ಕೌಟುಂಬಿಕ ವಿಷಯಗಳಲ್ಲಿ ಸಲಹೆ ನೀಡಬಹುದಿತ್ತು. ಯಾವ ನಮೂನೆ ಬೇಕು, ಏನು ಬರೆಯಬೇಕು, ಯಾವ ದಿನದೊಳಗೆ ಸಲ್ಲಿಸಬೇಕು ಎಂಬುದನ್ನು ತಿಳಿಸಿ ದಾಖಲೆ ಸಿದ್ಧಪಡಿಸಬಹುದಿತ್ತು. ಆದರೆ ನ್ಯಾಯಾಧೀಶರ ಮುಂದೆ ನಿಲ್ಲುವಂತಿರಲಿಲ್ಲ. ಎದುರು ಪಕ್ಷದೊಡನೆ ಸಂಧಾನ ನಡೆಸುವಂತಿರಲಿಲ್ಲ. ಕಾಗದದವರೆಗೆ ಬಂದ ನೆರವು ಕಟಕಟೆಯ ಬಳಿ ನಿಂತುಹೋಗುತ್ತಿತ್ತು. 2019ರ ತಿದ್ದುಪಡಿ ಈ ನಿರ್ಬಂಧಗಳನ್ನು ಒಂದಷ್ಟು ಸಡಿಲಿಸಿತು.

ಕರ್ನಾಟಕದ ಓದುಗರಿಗೆ ಉಪನೋಂದಣಾಧಿಕಾರಿಗಳ ಕಚೇರಿಯ ಬಳಿ ಕೂರುವ ಪತ್ರ ಬರಹಗಾರರು ನೆನಪಾಗಬಹುದು. ಅವರಿಗೂ ಪರವಾನಗಿಯ ವ್ಯವಸ್ಥೆಯಿದೆ. ಆದರೆ ಅದು ಕ್ರಯಪತ್ರದಂತಹ ದಸ್ತಾವೇಜು ಬರೆಯುವುದಕ್ಕೆ, ವ್ಯಾಜ್ಯ ನಡೆಸುವುದಕ್ಕಲ್ಲ. 1961ರ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ವಕೀಲಿ ವೃತ್ತಿಯ ಹಕ್ಕು ನೋಂದಾಯಿತ ನ್ಯಾಯವಾದಿಗಳಿಗೆ ಮಾತ್ರ. ನಿರ್ದಿಷ್ಟ ಪ್ರಕರಣವೊಂದರಲ್ಲಿ ಬೇರೊಬ್ಬರಿಗೆ ಅನುಮತಿ ನೀಡುವ ಅಧಿಕಾರ ನ್ಯಾಯಾಲಯಕ್ಕಿದೆಯಾದರೂ ಅದು ವಿನಾಯಿತಿಯಷ್ಟೇ.

ವಾಷಿಂಗ್ಟನ್‌ಗೆ ಮರಳಿದರೆ, ಅಲ್ಲಿನ ಪರವಾನಗಿ ಸುಲಭದ್ದಾಗಿರಲಿಲ್ಲ. ಕಾಲೇಜು ಶಿಕ್ಷಣದ ಜತೆಗೆ ಕೌಟುಂಬಿಕ ಕಾನೂನಿನ ವಿಶೇಷ ವ್ಯಾಸಂಗ ಮಾಡಬೇಕಿತ್ತು, ಪರೀಕ್ಷೆಗಳನ್ನು ಪಾಸು ಮಾಡಬೇಕಿತ್ತು. ವಕೀಲರ ಕೈಕೆಳಗೆ 3,000 ಗಂಟೆಗಳ ಅನುಭವವೂ ಕಡ್ಡಾಯವಾಗಿತ್ತು. ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಇದು 375 ದಿನಗಳ ದುಡಿಮೆ. ಯಾರ ವಿರೋಧವಿತ್ತೋ ಅದೇ ವೃತ್ತಿಯವರ ಬಳಿ ಅನುಭವ ಗಳಿಸಬೇಕೆಂಬುದು ವಿಚಿತ್ರವಾದ ಷರತ್ತು. 2020ರ ಮಧ್ಯಭಾಗದಲ್ಲಿ ಪರವಾನಗಿದಾರರ ಸಂಖ್ಯೆ ಐವತ್ತನ್ನೂ ಮುಟ್ಟಿರಲಿಲ್ಲ.

ಅದೇ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕಾರ್ಯಕ್ರಮವನ್ನು ಮುಕ್ತಾಯಗೊಳಿಸಲು ತೀರ್ಮಾನಿಸಿತು. ಮುಖ್ಯ ನ್ಯಾಯಮೂರ್ತಿ ಡೆಬ್ರಾ ಸ್ಟೀಫನ್ಸ್ ನೀಡಿದ ಕಾರಣಗಳು ಎರಡು: ನಿರ್ವಹಣೆಯ ವೆಚ್ಚ ಮತ್ತು ಆಸಕ್ತರ ಅಲ್ಪಸಂಖ್ಯೆ. ಸೇವೆಯ ಗುಣಮಟ್ಟ ಕಳಪೆಯಾಗಿತ್ತೆಂಬ ಮಾತು ಅದರಲ್ಲಿರಲಿಲ್ಲ. ನ್ಯಾಯಮೂರ್ತಿ ಬಾರ್ಬರಾ ಮ್ಯಾಡ್ಸನ್ ಭಿನ್ನಮತ ದಾಖಲಿಸಿದರು. ಕಾರ್ಯಕ್ರಮ ತನ್ನ ಖರ್ಚನ್ನು ತಾನೇ ಗಳಿಸಿಕೊಳ್ಳಬೇಕೆಂಬ ನಿರೀಕ್ಷೆ ಆರಂಭದಿಂದಲೂ ಇತ್ತು. ಅದು ಕೈಗೂಡದೆ ಹೊರೆ ವಕೀಲರ ಸಂಘದ ಮೇಲೆ ಬಿದ್ದಿತ್ತು. ಬಾಗಿಲನ್ನು ಕಿರಿದು ಮಾಡಿ, ಒಳಬಂದವರು ಕಡಿಮೆ ಎಂದು ಅದನ್ನೇ ಮುಚ್ಚಿದಂತಾಯಿತು. ಅದಾಗಲೇ ತಯಾರಿಯಲ್ಲಿದ್ದವರಿಗೆ ಅರ್ಹತೆ ಪೂರೈಸಲು ಕಾಲಾವಕಾಶ ನೀಡಲಾಯಿತು. ಪರವಾನಗಿ ಪಡೆದವರು ವೃತ್ತಿ ಮುಂದುವರಿಸಲು ಅಡ್ಡಿಯಿಲ್ಲ.

ಆದರೆ ಪ್ರಯೋಗ ಅಲ್ಲಿಗೇ ಕೊನೆಗೊಳ್ಳಲಿಲ್ಲ. ಯೂಟಾ ರಾಜ್ಯ 2019ರಲ್ಲಿ ಮೊದಲ ಪರವಾನಗಿಗಳನ್ನು ನೀಡಿ, ಕೌಟುಂಬಿಕ ವಿಷಯಗಳ ಜತೆಗೆ ಸಾಲ ವಸೂಲಿ ಮತ್ತು ಬಾಡಿಗೆ ಮನೆಯಿಂದ ಒಕ್ಕಲೆಬ್ಬಿಸುವ ಪ್ರಕರಣಗಳನ್ನೂ ಸೇರಿಸಿತು. ಅರಿಜೋನಾದ ನಿಯಮ 2021ರ ಜನವರಿಯಲ್ಲಿ ಜಾರಿಗೆ ಬಂದಿತು. ವಾಷಿಂಗ್ಟನ್ ಹಿಂಜರಿದಿದ್ದ ಕಡೆಯೇ ಅದು ಮುಂದೆ ಹೋಯಿತು: ಅಲ್ಲಿ ಪರವಾನಗಿದಾರರು ತಮ್ಮ ವ್ಯಾಪ್ತಿಯ ಪ್ರಕರಣಗಳಲ್ಲಿ ಕಕ್ಷಿದಾರರ ಪರವಾಗಿ ನ್ಯಾಯಾಲಯದಲ್ಲಿಯೇ ವಾದಿಸಬಹುದು.